ಮೀಸೆಯ ಹಿಂದಿನ ಕನ್ನಡ

ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ನಾಗಪುರದ ಧರಮಪೇಠದಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನನ್ನ ಯಜಮಾನರಿಗೆ ಸಿವಿಲ್ ಲೈನ್ಸ್‌ನ ಸರ್ಕಾರಿ ಕಚೇರಿಯಲ್ಲಿ ಕೆಲಸ. ಧಾರವಾಡದಿಂದ ಬಂದ ಅವರಿಗೆ ತುಟಿಯನ್ನು ಪೂರ್ತಿ ಮುಚ್ಚುವ ದಪ್ಪ ಮೀಸೆಯಿತ್ತು. ಮಗಳು ಹುಟ್ಟಿದ ಮೇಲೆ ಒಂದು ಹಟವೂ ಸೇರಿಕೊಂಡಿತು: ಮಗುವಿನ ಮೊದಲ ಮಾತು ಕನ್ನಡವೇ ಆಗಬೇಕು.

ಬಾಗಿಲು ದಾಟಿದರೆ ಮರಾಠಿ, ರಸ್ತೆ ದಾಟಿದರೆ ಹಿಂದಿ. ಹಾಗಾಗಿ ಶುದ್ಧ ಕನ್ನಡದ ಪೂರೈಕೆಗೆ ಅವರೇ ಒಂದು ಏರ್ಪಾಡು ಮಾಡಿದರು. ಟೇಪ್ ರೆಕಾರ್ಡರಿನ ಮುಂದೆ ಕೂತು, ವಾರ್ತೆ ಓದುವವರ ಗಾಂಭೀರ್ಯದಲ್ಲಿ ಅಪ್ಪ, ಅಮ್ಮ, ಹಾಲು, ಹೂವು ಎಂದು ಒಂದಿಡೀ ಕ್ಯಾಸೆಟ್ ತುಂಬಿಸಿದರು. ಕಚೇರಿಗೆ ಹೊರಡುವಾಗ ಅದನ್ನು ತೊಟ್ಟಿಲ ಪಕ್ಕ ಹಚ್ಚಿಟ್ಟು ಹೋಗುತ್ತಿದ್ದರು. ಕಿವಿಗೆ ಭಾಷೆ ಬೀಳುತ್ತಿದ್ದರೆ ಸಾಕು, ಮಿದುಳು ತಾನೇ ತುಂಬಿಕೊಳ್ಳುತ್ತದೆ ಎಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದರಂತೆ. ನಾನೂ ಮಗುವಿನೊಡನೆ ಮಾತಾಡುತ್ತಿದ್ದೆ. ಆದರೆ ಒಲೆಯ ಕಡೆ ಮುಖ ಮಾಡಿ, ಮಗುವಿಗೆ ಬೆನ್ನು ತೋರಿಸಿಕೊಂಡು.

ತೆವಳಲು ಕಲಿತಾಗ ಮಗಳು ಮೊದಲು ಮಾಡಿದ ಕೆಲಸವೆಂದರೆ ಆ ಯಂತ್ರದ ಹಿಂಬದಿಗೆ ಹೋಗಿ ಹುಡುಕಿದ್ದು. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ವೈರು ಕಚ್ಚಿ ನೋಡಿ, ಆಮೇಲೆ ಅದರ ಗೊಡವೆಯನ್ನೇ ಬಿಟ್ಟಳು.

ಬೇಸಗೆ ಬಂತು. ನಾಗಪುರದ ಬೇಸಗೆಯಲ್ಲಿ ಕೂಲರ್ ಹಚ್ಚಿದರೆ ಓಡುವ ಲಾರಿಯೊಳಗೆ ಕೂತಂತಿರುತ್ತದೆ. ಆ ಗದ್ದಲದಲ್ಲಿ ಇವರು ಮಗುವಿನ ಬೆನ್ನ ಹಿಂದೆ ನಿಂತು ಕರೆದರು. ಅವಳು ತಿರುಗಲಿಲ್ಲ. ಮತ್ತೆ ಕರೆದರು, ಆಗಲೂ ಇಲ್ಲ. ಕ್ಯಾಸೆಟ್ ಸವೆಯುತ್ತ ಬಂದರೂ ಮಗು ಒಂದು ಅಕ್ಷರ ನುಡಿದಿರಲಿಲ್ಲವಾಗಿ, ಅವಳ ಕಿವಿಯೇ ಕೇಳುವುದಿಲ್ಲವೆಂದು ಅವರು ತೀರ್ಮಾನಿಸಿಬಿಟ್ಟರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು. ಅವರು ಫ್ಯಾನ್ ನಿಲ್ಲಿಸಿ, ಮಗುವಿನ ಹಿಂದೆ ಒಂದು ಪುಟ್ಟ ಗಂಟೆಯನ್ನು ಮೆಲ್ಲಗೆ ಅಲ್ಲಾಡಿಸಿದರು. ಅವಳು ತಟ್ಟನೆ ತಿರುಗಿದಳು. ಕಿವಿ ಬರೋಬರ್ ಇದೆ, ಮಗುವಿಗೆ ದನಿಯ ಜೊತೆ ಬಾಯಿಯೂ ಕಾಣಬೇಕು, ಎದುರು ಕೂತು ಮಾತಾಡುವವರು ಯಾರು ಎಂದು ಕೇಳಿದರು. ಇವರು ಹೆಮ್ಮೆಯಿಂದ ಟೇಪಿನ ವಿಷಯ ಹೇಳಿದರು. ಡಾಕ್ಟರಮ್ಮ ಇವರ ಮೀಸೆಯನ್ನು ಸ್ವಲ್ಪ ಹೊತ್ತು ನೋಡಿ, ಮುಂದಿನ ಮಗುವನ್ನು ಕರೆದರು.

ಎದುರು ಕೂತು ಮಾತಾಡುವವರು ಒಬ್ಬರಿದ್ದರು, ಆದರೆ ಅವರು ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಕೆಳಗೆ ವಾಸವಿದ್ದ ನಮ್ಮ ಮನೆ ಮಾಲಕಿ, ಮರಾಠಿ ಹೆಂಗಸು. ವಯಸ್ಸಾಗಿ ಕಿವಿ ಪೂರ್ತಿ ಹೋಗಿತ್ತು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ನನ್ನ ಯಜಮಾನರ ಮಾತು ಮಾತ್ರ ಅವರಿಗೆ ಎಂದೂ ಸಿಕ್ಕಿರಲಿಲ್ಲ. ಫ್ಯೂಸ್ ಹೋಗಿದೆ ಎಂದು ಇವರು ಹೇಳಿದರೆ, ಹೌದು, ಈ ಸಲ ಕಿತ್ತಳೆ ಸಿಹಿಯಾಗಿದೆ ಎನ್ನುತ್ತಿದ್ದರು. ತಮ್ಮ ದನಿ ಎಷ್ಟು ಜೋರಾಗುತ್ತದೋ ಎಂಬ ಸಂಕೋಚದಿಂದ ಎಷ್ಟೋ ಸಲ ಸದ್ದಿಲ್ಲದೆ ಬರೀ ತುಟಿಯಾಡಿಸುತ್ತಿದ್ದರು. ಇಂಥವರಿಂದ ಮಗುವಿಗೆ ಮರಾಠಿ ಅಂಟುವ ಅಪಾಯವಿಲ್ಲವೆಂದು ಮಧ್ಯಾಹ್ನಗಳಲ್ಲಿ ಅವರ ಬಳಿ ಬಿಡಲು ಇವರೇ ಒಪ್ಪಿದ್ದರು. ನಾನು ಕರೆದೊಯ್ಯಲು ಹೋದಾಗ ಮಗಳು ಅವರ ಮಡಿಲಲ್ಲಿ ಎದುರುಬದುರಾಗಿ ಕೂತು, ಆ ಬಾಯಿಯನ್ನೇ ನೋಡುತ್ತಿರುತ್ತಿದ್ದಳು. ಅವರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡೊಡನೆ, ಅಮ್ಮ ಬಂದಳು ಎನ್ನಲು "ಅಮ್ಮ ಆಲೀ" ಎಂದು ತುಟಿಯಲ್ಲೇ ಹೇಳುತ್ತಿದ್ದರು.

ಡಾಕ್ಟರಮ್ಮನ ಮಾತಿನಿಂದ ಧೈರ್ಯ ಬಂದು, ಆ ಭಾನುವಾರ ಇವರು ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಮಗುವಿನ ಮುಂದಿಟ್ಟರು. ಮೊದಲ ಮಾತು ಬಂದರೆ ತಪ್ಪಿಹೋಗಬಾರದು. ಮಾಲಕಿಯೂ ಮಾವಿನಕಾಯಿಯ ಪಾನಕ ಹಿಡಿದು ಮೇಲೆ ಬಂದಿದ್ದರು. ಮಗು ನನ್ನ ಕಡೆ ತಿರುಗಿತು. ಮಾಲಕಿಯ ಕೈಲಿದ್ದ ಲೋಟ ಅಲ್ಲೇ ನಿಂತಿತು. ನೋಡಿ, ಅಮ್ಮ ಅಂದಳು ಎಂದು ಅವರೇ ಹೇಳಿದರು.

ನಮಗೇನೂ ಕೇಳಿರಲಿಲ್ಲ. ಮಗಳು ಮತ್ತೆ ನನ್ನನ್ನೇ ನೋಡಿ, ಬಾಯಿ ತೆರೆದು, ತುಟಿ ಒತ್ತಿ ಹಿಡಿದು, ಬಿಟ್ಟಳು. ಅಮ್ಮ. ದನಿ ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಇವರು ಟೇಪನ್ನು ಹಿಂದಕ್ಕೆ ಸುತ್ತಿ ಹಚ್ಚಿದರು. ಕೂಲರಿನ ಮೊರೆತ ಬಲು ಸ್ಪಷ್ಟವಾಗಿ ಮೂಡಿತ್ತು.

"ದನೀನ ಇಲ್ಲದ್ದು ಮಾತು ಹೆಂಗ ಆಗ್ತೈತಿ?" ಎಂದರು.

ಮಾಲಕಿಗೆ ಅದೂ ತಿಳಿಯಲಿಲ್ಲ. ಮರಾಠಿಯಲ್ಲಿ ನನಗೇ ಹೇಳಿದರು: "ಈ ಮಗುವಿಗೂ ನನಗೂ ಇವರಿಂದ ಒಂದೇ ತೊಂದರೆ. ಬಾಯಿ ಎಲ್ಲಿದೆ ಅಂತಲೇ ಕಾಣೋದಿಲ್ಲ."

ನಾನು ಅನುವಾದಿಸಿದೆ. ಇವರು ವಾರವಿಡೀ ಮುಖ ಊದಿಸಿಕೊಂಡಿದ್ದು, ಕೊನೆಗೆ ಯಾರಿಗೂ ಹೇಳದೆ ಕ್ಷೌರದಂಗಡಿಗೆ ಹೋಗಿ ತುಟಿ ಕಾಣುವಷ್ಟು ಮೀಸೆ ಕತ್ತರಿಸಿಕೊಂಡು ಬಂದರು. ಮಗಳು ಹೊಸಬನನ್ನು ಕಂಡಂತೆ ಚೀರಿ ನನ್ನ ಸೆರಗು ಹಿಡಿದಳು. ಕೆಲವು ದಿನ ಇವರು ನೆಲದ ಮೇಲೆ ಅವಳೆದುರು ಕೂತು ಅಪ್ಪ, ಅಪ್ಪ ಎನ್ನುತ್ತಿದ್ದರು. ಅವಳು ಮೆಲ್ಲಗೆ ಹತ್ತಿರ ಬಂದು ಅವರ ತುಟಿ ಮುಟ್ಟಿ ನೋಡಿದಳು. ಆಮೇಲೆ ಒಂದು ಬೆಳಿಗ್ಗೆ ದನಿ ತೆಗೆದೇ ಹೇಳಿದಳು: "ಬಾಬಾ."

ಪಕ್ಕಾ ಮರಾಠಿ ಮಕ್ಕಳು ಅಪ್ಪನನ್ನು ಕರೆಯುವ ಹಾಗೆ. ಇವರು ಒಪ್ಪಲಿಲ್ಲ. "ಬಾ, ಬಾ ಅಂತ ಕರಿಯಾಕತ್ತಾಳ. ಕನ್ನಡನ ಐತಿ" ಎಂದು, ಅವಳು ಅಂದಾಗಲೆಲ್ಲ ಎದ್ದು ಅವಳ ಬಳಿ ಹೋಗುತ್ತಿದ್ದರು.

ತುಟಿ ಬಯಲಾದದ್ದರಿಂದ ಇನ್ನೊಂದು ಬದಲಾವಣೆಯೂ ಆಯಿತು. ಮಾಲಕಿಗೆ ಇವರ ಹಿಂದಿ ಪೂರ್ತಿ ತಿಳಿಯತೊಡಗಿತು. ಅದುವರೆಗೆ ಅವರಿಬ್ಬರ ನಡುವೆ ಒಂದೂ ಜಗಳವಾಗಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತಾರಸಿಯ ಮೇಲೆ ಬಟ್ಟೆ ಒಣಹಾಕುವ ವಿಷಯಕ್ಕೆ, ಎದುರುಬದುರು ನಿಂತು, ಒಂದು ಮಾತೂ ತಪ್ಪಿಹೋಗದಂತೆ ಜಗಳವಾಡಿದರು. ನಾವು ಹಿಂದಿನ ಗಲ್ಲಿಗೆ ಮನೆ ಬದಲಾಯಿಸಿದೆವು.

ಮಗಳಿಗೆ ಮಾಲಕಿಯನ್ನು ಕಾಣದೆ ಇರಲಾಗಲಿಲ್ಲ. ಹಾಗಾಗಿ ರಜಾದಿನಗಳಲ್ಲಿ ಇವರೇ ಸ್ಕೂಟರಿನಲ್ಲಿ ನಮ್ಮನ್ನು ಅಲ್ಲಿಗೆ ಬಿಡುತ್ತಿದ್ದರು. ಒಳಗೆ ಮಾತ್ರ ಬರುತ್ತಿರಲಿಲ್ಲ. ಗೇಟಿನ ಹೊರಗೆ ಬೇವಿನ ಮರದಡಿ, ತುಟಿ ಮುಚ್ಚುವಂತೆ ಪೇಪರು ಬಿಡಿಸಿಕೊಂಡು ಕಾಯುತ್ತಿದ್ದರು.