ಹಿಪ್ಪುನೇರಳೆ ಹೊಲಕ್ಕಿಳಿದ ಟ್ರಾಕ್ಟರು

ಪಾಂಡವಪುರ ದಾಟಿ ಕೆ.ಆರ್. ಪೇಟೆ ಕಡೆ ಹೊರಟಿದ್ದ ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತಿತು. ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಡ್ರೈವರಿಗೆ ಜಾಕ್ ಹಾಕಿಕೊಟ್ಟು ರಸ್ತೆ ಬದಿಗೆ ಬಂದೆ. ಅಲ್ಲಿ ಹಸಿರಾಗಿ ನಿಂತಿದ್ದ ಹಿಪ್ಪುನೇರಳೆ ಹೊಲಕ್ಕೆ ರೈತನೊಬ್ಬ ಬಾಡಿಗೆ ಟ್ರಾಕ್ಟರು ಇಳಿಸಿದ್ದ. ಅವನ ಹೆಂಡತಿ ಅದಕ್ಕೆ ಅಡ್ಡ ನಿಂತಿದ್ದಳು.

“ಚೀನಾ ರೇಷ್ಮೆ ಮ್ಯಾಲೆ ಸುಂಕ ಇಳಿಸ್ಬುಟ್ಟವ್ರೆ. ನಮ್ ಗೂಡು ಕೇಳೋರೇ ಇಲ್ಲ. ಇದ ಕಿತ್ತಾಕಿ ಕಬ್ಬು ಹಾಕ್ತೀನಿ, ಅತ್ತಗೆ ಸರಿಯಮ್ಮಿ,” ಎಂದ ಅವನು.

“ಮನೇಲಿ ಹುಳ ನಾಕನೇ ಜ್ವರ ಬುಟ್ಟು ಎದ್ದವೆ. ಅವುಕ್ಕೆ ಸೊಪ್ಪೂವೆ ಚೀನಾದಿಂದ್ಲೇ ತರಿಸ್ತೀಯಾ?”

ರೇಷ್ಮೆಹುಳು ಪೊರೆ ಬಿಡುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. ಎದ್ದ ಹುಳಕ್ಕೆ ಎಲ್ಲಿಲ್ಲದ ಹಸಿವು. ಸಿಟ್ಟಿನಲ್ಲಿ ಅವನಿಗೆ ಅದು ಮರೆತೇಹೋಗಿತ್ತು. ಕುಡುಗೋಲು ಹಿಡಿದು ಸೊಪ್ಪು ಕೊಯ್ಯತೊಡಗಿದ. ಹೊರೆ ಕಟ್ಟಲು ನಾನೂ ಕೈಹಾಕಿದೆ.

“ನಾನೇನ್ ಮಾಡ್ಲಣ್ಣ?” ಎಂದು ಟ್ರಾಕ್ಟರಿನವನು ಕೂಗಿದ.

“ಹುಳ ಗೂಡು ಕಟ್ಟಿದ್ ಮ್ಯಾಕೆ ಬಾರ್ಲಾ,” ಎಂದ ರೈತ.

“ಆಗ್ಲೂ ನಾನು ಇಲ್ಲೇ ನಿಂತಿರ್ತೀನಿ ಕಣಪ್ಪ,” ಎಂದಳು ಹೆಂಡತಿ, ಹೊರೆಯನ್ನು ತಲೆಗೇರಿಸುತ್ತಾ.