ಸಿರುಗುಪ್ಪದ ಇಂಗ್ಲಿಷು, ಗುರುವಾರದ ಗಂಟು

ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೂ ಒಂದು ತಾಸಾಗಿರಲಿಲ್ಲ. ಬಾಡಿಗೆ ಮನೆ ತೋರಿಸಲು ಕರೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ನಡುರಸ್ತೆಯಲ್ಲಿ ನಿಂತು, ನನ್ನನ್ನೊಮ್ಮೆ ನನ್ನ ಟ್ರಂಕನ್ನೊಮ್ಮೆ ನೋಡಿ, "ಮೇಡಂ, ನೀವು ಯಾವ ಲೈನ್ನ್ಯಾಗ ಅದೀರಿ?" ಎಂದು ಕೇಳಿದರು. ನನಗೆ ಕಿವಿಯವರೆಗೆ ಉರಿ ಹತ್ತಿತು. ನಮ್ಮ ಮದ್ದೂರಿನ ಕಡೆ ಹೆಣ್ಣುಮಗಳ ಮುಂದೆ ಲೈನು ಅಂದರೆ ಒಂದೇ ಅರ್ಥ, ಪಡ್ಡೆ ಹುಡುಗರು ಕಾಲೇಜಿನ ಗೇಟಿನಲ್ಲಿ ನಿಂತು ಹೊಡೆಯುತ್ತಾರಲ್ಲ, ಅದು. "ಏನ್ ಮಾತು ಅಂತ ಆಡ್ತೀರಿ? ನಿಮ್ಮ ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?" ಎಂದು ಗದರಿಯೇಬಿಟ್ಟೆ. ಪಾಪ, ಹೆಗಲ ಮೇಲಿನ ಟವೆಲ್ಲು ಕೈಗೆ ಬಂತು ಅವರಿಗೆ. "ತಪ್ಪಾತ್ರಿ ತಾಯಿ, ನೌಕರಿ ಏನಂತ ಕೇಳಿದ್ನಿ ಅಷ್ಟ. ನಾನು ಅಕ್ಕಿ ಲೈನ್ನ್ಯಾಗ ಅದೀನಿ" ಎಂದರು.

ಅಲ್ಲಿಂದ ಮನೆಗೆ ಹೋಗುವ ಹತ್ತು ನಿಮಿಷದಲ್ಲಿ ಅದೇ ಲೈನು ಇನ್ನೂ ಎರಡು ಸಲ ಬಂತು. "ಈ ಲೈನಿನ ಮಂದಿ ಚಲೋ ಅದಾರ" ಅಂದರೆ ಬೀದಿ. "ಲೈನ್ ಹೋಗೇತಿ, ಸಂಜಿಗೆ ಬರತೈತಿ" ಅಂದರೆ ಕರೆಂಟು. ನಾನು ತಲೆ ಆಡಿಸುತ್ತಾ ನಡೆದೆ. ಒಳಗೊಳಗೇ ನಗು, ಅದರ ಕೆಳಗೆ ಅಳು.

ನಾನು ನರ್ಸು. ಹಚ್ಚೊಳ್ಳಿ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ, ಸಿರುಗುಪ್ಪದಲ್ಲಿ ವಾಸ, ದಿನಾ ಬಸ್ಸಿನಲ್ಲಿ ಓಡಾಟ. ಕನ್ನಡದವಳು ಕನ್ನಡದ ಊರಿಗೇ ಬಂದಿದ್ದೀನಿ, ಭಾಷೆಯ ಚಿಂತೆ ಏನು ಅಂತ ಧೈರ್ಯವಾಗಿ ಬಂದಿದ್ದೆ. ಬಂದ ಮೇಲೆ ನೋಡಿದರೆ ನನ್ನ ಕನ್ನಡವನ್ನು ಇವರು "ಸಿನಿಮಾ ಭಾಷಿ" ಅಂತಾರೆ, ಇವರ ಕನ್ನಡ ನನ್ನ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ಮನೆಯ ಒಡತಿ ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು. ಎಲ್ಲರಿಗೂ ಸಮನಾಗಿ ಸಿಗುತ್ತಿದ್ದುದು ಇಂಗ್ಲಿಷ್ ಪದಗಳು ಮಾತ್ರ. ಅವನ್ನು ಹಿಡಿದುಕೊಂಡಾದರೂ ದಾಟೋಣ ಅಂದರೆ, ಒಂದೊಂದು ಪದವೂ ಇಲ್ಲಿ ನಾಲ್ಕು ಮನೆ ಮಾಡಿಕೊಂಡಿತ್ತು.

ಒಡತಿಯ ಬಾಯಲ್ಲಿ 'ಸೆಟ್' ಒಂದು ಸಾಕು, ದಿನ ಕಳೆಯುತ್ತದೆ. ಗದ್ದೆಗೆ ನೀರೆತ್ತುವ ಮೋಟರು ಸೆಟ್ಟು. ಹೋಟೆಲಿನ ಮೆತ್ತನೆ ದೋಸೆ ಸೆಟ್ಟು. "ನಿನಗಿನ್ನಾ ಗಂಡು ಸೆಟ್ ಆಗಲಿಲ್ಲೇನು?" ಎಂದು ವಾರಕ್ಕೊಮ್ಮೆ ವಿಚಾರಣೆ. ನಾನು ಮೊದಲ ಸಲ ಇಲ್ಲಿನ ಒಗ್ಗರಣಿ ತಿಂದು ಹೊಟ್ಟೆ ಹಿಡಿದುಕೊಂಡು ಕೂತಾಗಲೂ, "ಹೊಟ್ಟಿಗಿ ಸೆಟ್ ಆಗಾಕ ಒಂದು ತಿಂಗಳು ಬೇಕು" ಅಂದಳು. ನಮ್ಮಲ್ಲಿ ಒಗ್ಗರಣೆ ಅಂದರೆ ಸಾರಿನ ತಲೆಯ ಮೇಲೆ ಚುರ್ ಎನ್ನುವ ಸಾಸಿವೆ. ಇಲ್ಲಿ ಅದು ಬೆಳಗಿನ ತಿಂಡಿ, ನೆನೆಸಿ ಹಿಂಡಿದ ಮಂಡಾಳು, ಅಂದರೆ ನಮ್ಮ ಕಡ್ಲೆಪುರಿ. ಪಕ್ಕದಲ್ಲಿ ಬೆರಳುದ್ದದ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಮುದ್ದೆ, ಬಸ್ಸಾರು ತಿಂದು ಬೆಳೆದ ಹೊಟ್ಟೆ ನನ್ನದು. ಆ ಬಿಸಿಲಲ್ಲಿ ಆ ಖಾರ! ಹೊಟ್ಟೆ ಒಪ್ಪಿಕೊಳ್ಳಲು ತಿಂಗಳಲ್ಲ, ಮೂರು ತಿಂಗಳು ಬೇಕಾಯಿತು.

ಆಸ್ಪತ್ರೆಯ ಕಥೆ ಇನ್ನೊಂದು. ಒಬ್ಬಾಕೆ ಬಂದು, "ನನಗ ಬರೀ ಏಳು ಪಾಯಿಂಟ್ ಐತ್ರಿ" ಎಂದು ಕೂತಳು. ಮೈಯಲ್ಲಿ ರಕ್ತ ಕಡಿಮೆ ಅಂತ ಹೇಳಿದ್ದು. ಮರುದಿನ ಆಕೆಯೇ ಬಸ್ಸಿನಲ್ಲಿ ಸಿಕ್ಕಿ, "ಇಲ್ಲೇ ಪಾಯಿಂಟಿಗೆ ಇಳೀತೀನಿ" ಅಂದಳು, ಅದು ಬಸ್ಸು ನಿಲ್ಲುವ ಜಾಗ. ಅವಳ ಗಂಡ ಒಳ್ಳೆ ಪಾಯಿಂಟ್ ಹಾಕಿ ಮಾತಾಡುತ್ತಾನೆ ಅಂತಲೂ ಹೆಮ್ಮೆ. ಗ್ಯಾಸು ಒಲೆಯಲ್ಲೂ ಉಂಟು, ಎದೆಯಲ್ಲೂ ಉಂಟು. ಪವರ್ರು ಕನ್ನಡಕಕ್ಕೂ, ಗುಳಿಗೆಗೂ, ಊರ ಗೌಡರಿಗೂ. ಕಲಿಯುವಾಗ ನಮಗೆ ಪುಸ್ತಕದಲ್ಲಿ ಒಂದೊಂದು ಪದಕ್ಕೆ ಒಂದೊಂದು ಅರ್ಥ ಬರೆಸಿದ್ದರು. ಇವರಿಗೆ ಯಾರೂ ಬರೆಸಿಲ್ಲ, ಅದಕ್ಕೇ ಇವರ ಇಂಗ್ಲಿಷು ಬಿಡುಬೀಸಾಗಿ ಓಡಾಡಿಕೊಂಡಿದೆ ಅನ್ನಿಸುತ್ತಿತ್ತು.

ಹೀಗೆ ನಗುತ್ತಾ ಬರೆಯುತ್ತಿದ್ದೀನಿ, ಆದರೆ ಮೊದಲ ವರ್ಷ ಹೀಗಿರಲಿಲ್ಲ. ಭಾನುವಾರ ಬಂದರೆ ಭಯವಾಗುತ್ತಿತ್ತು. ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಮಲಗಿ, ಈಗ ಅವ್ವ ಕಾಳು ಬಿಡಿಸುತ್ತಿರುತ್ತಾಳೆ, ಈಗ ಅಕ್ಕ ಮಕ್ಕಳನ್ನು ಕರಕೊಂಡು ಬಂದಿರುತ್ತಾಳೆ ಅಂತ ಗಂಟೆ ಎಣಿಸುತ್ತಿದ್ದೆ. ಮಾತಾಡಿದರೆ ಒಂದು ಹೆಚ್ಚು ಕಡಿಮೆ ಆಗುತ್ತದೆ ಅಂತ ಮಾತೇ ಕಡಿಮೆ ಮಾಡಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ. ಆದರೂ ಇದ್ದೆ.

ಈ ಊರು ನನ್ನ ಬಾಯಿ ಬಿಡಿಸಿದ್ದು ಹುಲಿಗೆಮ್ಮನ ದೆಸೆಯಿಂದ.

ಹುಲಿಗೆಮ್ಮ ಇಪ್ಪತ್ತೆರಡರ ಹುಡುಗಿ. ಗಂಡನ ಮನೆ ಕುರುಗೋಡು. ಕುಬಸ, ಅಂದರೆ ನಮ್ಮ ಸೀಮಂತ, ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಹಚ್ಚೊಳ್ಳಿ ಕಡೆಯ ತವರುಮನೆಗೆ ಬಂದಿದ್ದಳು. ದಿನ ತುಂಬಿದ್ದವು. ಒಂದು ಗುರುವಾರ ಮಧ್ಯಾಹ್ನ ತಪಾಸಣೆಗೆ ಬಂದಾಗ ಕಾಲು ಬಾತುಕೊಂಡಿದ್ದವು, ಬಿಪಿ ಏರಿತ್ತು. ನಮ್ಮ ಡಾಕ್ಟರು ಗುಳಿಗೆ ಕೊಟ್ಟು, "ನಾಳೆ ಬೆಳಿಗ್ಗೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಸೇರಿಸಲೇಬೇಕು. ಈ ನಡುವೆ ತಲೆನೋವು ಬಂದರೆ, ಕಣ್ಣು ಮಂಜಾದರೆ, ಆ ಕ್ಷಣಕ್ಕೇ ಆಂಬುಲೆನ್ಸ್ ಕರೆಸಿ" ಎಂದರು. ಮನೆಯವರಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿಯ ಜೊತೆ ನಾನೂ ಅವರ ಮನೆಗೆ ಹೋದೆ.

ಅವಳ ತಾಯಿ ಈರಮ್ಮ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. "ಹುಲಿಗೆಮ್ಮಂಗೆ ಪ್ರೆಶರ್ ಜಾಸ್ತಿ ಆಗ್ಬುಟ್ಟದೆ" ಎಂದೆ. "ಪ್ರೆಶರ್ ಯಾರಿಗಿಲ್ರಿ ಸಿಸ್ಟರ್? ನಾಟಿ ಶುರುವಾಗೈತಿ, ನನಗೂ ಐತಿ" ಎಂದಳು. ಇದು ಹೀಗಾಗಲ್ಲ ಅಂದುಕೊಂಡು, "ಸ್ವಲ್ಪ ಸೀರಿಯಸ್ಸಾಗಿ ತಗೊಳ್ಳಿ" ಎಂದೆ. ಅಷ್ಟೇ! ಈರಮ್ಮ ಒಗೆಯುವ ಬಟ್ಟೆ ಬಿಟ್ಟು ಎದೆ ಬಡಿದುಕೊಂಡು ಕೂತಳು. ಇಲ್ಲಿ ಸೀರಿಯಸ್ ಅಂದರೆ ಮುಗೀತು, ಬಾಯಿಗೆ ನೀರು ಬಿಡುವ ಹೊತ್ತು. ಅಕ್ಕಪಕ್ಕದ ನಾಲ್ಕು ಹೆಂಗಸರು ಓಡಿ ಬಂದರು. ನಾನು ಬೆವತು, "ಅಯ್ಯೋ ಇಲ್ಲವ್ವ, ಈಗ ನಾರ್ಮಲ್ಲಾಗೇ ಅವಳೆ" ಎಂದೆ. ಅಳು ನಿಂತಿತು. "ನಾರ್ಮಲ್ ಆಗತೈತಂತ!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ಹೊಟ್ಟೆ ಕೊಯ್ಯದೆ ಹೆರಿಗೆಯಾಗುವುದಾದರೆ ಮತ್ತೆ ಬಳ್ಳಾರಿಗೆ ಯಾಕೆ ಅಂತ ಎಲ್ಲರೂ ನನ್ನನ್ನೇ ನೋಡಿದರು.

ನನ್ನ ಮೇಲೆ ನನಗೇ ಸಿಟ್ಟು ಬಂತು. ಇಂಗ್ಲಿಷಿನ ಸಹವಾಸ ಬಿಟ್ಟು ಅಂಗಳದಲ್ಲೇ ಕೂತು ನಮ್ಮ ಕನ್ನಡದಲ್ಲಿ ಬಿಡಿಸಿ ಹೇಳಿದೆ. ರಕ್ತದ ಒತ್ತಡ ಹೀಗೇ ಏರಿದರೆ ಫಿಟ್ಸ್ ಬರುತ್ತದೆ, ತಾಯಿಗೂ ಅಪಾಯ, ಮಗುವಿಗೂ ಅಪಾಯ, ನಾಳೆ ಬೆಳಿಗ್ಗೆಗೆ ಬಳ್ಳಾರಿಯಲ್ಲಿರಬೇಕು. ಈ ಸಲ ಈರಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾಗಿ, ತಲೆ ತಗ್ಗಿಸಿ, "ನಾಳೆ ಶುಕ್ರವಾರ. ಕಳಸಾಂಗಿಲ್ರಿ" ಎಂದಳು.

ಹೆಣ್ಣುಮಗಳನ್ನು ತವರಿನಿಂದ ಶುಕ್ರವಾರ ಕಳಿಸಬಾರದು ಎನ್ನುವುದು ನಮ್ಮಲ್ಲೂ ಇದೆ. ಆದರೆ ಜೀವಕ್ಕಿಂತ ಹೆಚ್ಚಾ? "ಹಾಗಾದರೆ ಈಗಲೇ ಹೊರಡಿ" ಎಂದೆ. ಗಾಡಿ ತರಬೇಕಾದ ಅಳಿಯ ಕುರುಗೋಡಿನಲ್ಲಿದ್ದ, ಬರುವಷ್ಟರಲ್ಲಿ ಕತ್ತಲಾಗುತ್ತದೆ, ದೀಪ ಹಚ್ಚಿದ ಮೇಲೆ ತುಂಬಿದ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಶನಿವಾರವೂ ಬೇಡವಂತೆ, ಐತವಾರ, ಅಂದರೆ ಭಾನುವಾರ, ನೋಡೋಣವಂತೆ. ನನ್ನ ಬಾಯಿ ಹರಿಯಿತು. "ವಾರ ನೋಡ್ಕೊಂಡು ಕೂತ್ಕೊಳ್ಳಿ, ಮಗಳನ್ನ ಮಣ್ಣಿಗೆ ಹಾಕೋಕೆ ಯಾವ ವಾರ ಚೆನ್ನಾಗದೆ ಅಂತಾನೂ ನೋಡ್ಕೊಳ್ಳಿ!" ಎಂದುಬಿಟ್ಟೆ.

ಈರಮ್ಮ ಅಳಲಿಲ್ಲ. "ಈಕಿ ಅಕ್ಕನ್ನ ಶುಕ್ರವಾರನ ಕಳಿಸಿದ್ವಿ ತಾಯಿ" ಎಂದಳು. "ಡಾಕ್ಟ್ರು ಹೇಳ್ಯಾರಂತ ಕಳಿಸಿದ್ವಿ. ಆಕಿ ಬಂದ್ಲು, ಕೂಸು ಬರಲಿಲ್ಲ."

ಈರಮ್ಮನ ಕಾಲು ಮುಟ್ಟಿ ತಪ್ಪಾಯಿತು ಅಂದೆ. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ. ಹುಲಿಗೆಮ್ಮ ಬಾಗಿಲಿಗೆ ಒರಗಿ ನಿಂತು, ತನ್ನ ಬಾತ ಕಾಲುಗಳನ್ನೇ ನೋಡಿಕೊಳ್ಳುತ್ತಿದ್ದಳು. "ನನಗ ಅಂಜಿಕಿ ಆಗತೈತಿ ಯವ್ವ" ಎಂದಳು ಮೆಲ್ಲಗೆ.

ಅಕ್ಕಿ ಆರಿಸುತ್ತಾ ಮೂಲೆಯಲ್ಲಿ ಕೂತಿದ್ದ ಅವಳ ಅಜ್ಜಿ ಆಗ ಮೊರ ಕೆಳಗಿಟ್ಟಳು. "ಪರಸ್ತಾನ ಇಟ್ರಾತು ಬಿಡ್ರಿ" ಎಂದಳು. ನನಗೆ ಅದು ಹೊಸದು. ಅಜ್ಜಿಯೇ ಹೇಳಿದಳು: "ನಮ್ಮ ಕಾಲದಾಗ ದೂರ ಹೋಗಾಕ ವಾರ ಕೂಡಿ ಬರಲಿಲ್ಲಂದ್ರ, ಚಲೋ ದಿನ ನೋಡಿ ಗಂಟು ಮೊದ್ಲ ಕಳಸ್ತಿದ್ವಿ. ಗಂಟು ಹೊಸ್ತಿಲ ದಾಟಿ ಇನ್ನೊಬ್ಬರ ಮನ್ಯಾಗ ಕುಂತ್ರ, ಆಳು ಹೊಂಟಂಗ. ಇವತ್ತು ಗುರುವಾರ, ದೀಪ ಹಚ್ಚಾಕ ಇನ್ನಾ ಹೊತ್ತೈತಿ."

ಈರಮ್ಮ ಮುಖ ಎತ್ತಿದಳು. "ಯಾರ ಮನ್ಯಾಗ ಇಡೂದವ್ವ?"

"ಊರ ಗಡಿ ದಾಟಿರಬೇಕು, ಹೋಗೋ ದಾರ್ಯಾಗ ಇರಬೇಕು. ನಮ್ಮವರ ಮನೀನ ಆಗಬೇಕು, ಬ್ಯಾರೇದೋರ ಮನಿ ನಡ್ಯಂಗಿಲ್ಲ." ಅಜ್ಜಿ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು. "ಸಿರುಗುಪ್ಪದಾಗ ಈಕಿ ಅದಾಳಲ್ಲ."

ಆಮೇಲೆ ಯಾರೂ ಮಾತಾಡುತ್ತಾ ನಿಲ್ಲಲಿಲ್ಲ. ಈರಮ್ಮ ಹಳೆಯ ಮೆತ್ತನೆ ಸೀರೆಯ ತುಂಡುಗಳನ್ನು, ಕೂಸಿನ ಕುಲಾವಿಯನ್ನು, ಮಗಳ ಎರಡು ನೈಟಿಗಳನ್ನು ಒಂದು ಚೀಲಕ್ಕೆ ತುಂಬಿದಳು. ಅಜ್ಜಿ ಹಿಡಿ ಅಕ್ಕಿ, ಒಂದು ಅರಿಷಿಣದ ಕೊಂಬು ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ಮೇಲಿಟ್ಟಳು. ಹುಲಿಗೆಮ್ಮ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಒಳಗೆ ನಿಂತು ನನಗೆ ಕೊಟ್ಟಳು, ನಾನು ಹೊರಗೆ ನಿಂತು ಈಸಿಕೊಂಡೆ. ಹಿಂದೆ ತಿರುಗಿ ನೋಡಬಾರದು ಅಂದರು, ನೋಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ಆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರು, "ಟ್ರಾನ್ಸ್‌ಫರ್ ಆತೇನ್ರಿ ಸಿಸ್ಟರ್?" ಎಂದ. ಹಿಂದಿನ ಸೀಟಿನಾಕೆ, "ಯಾಕ್ರಿ, ನಮ್ಮೂರ ನೀರು ಸೆಟ್ ಆಗಲಿಲ್ಲೇನು?" ಎಂದು ಬೇಜಾರು ಮಾಡಿಕೊಂಡಳು. ಇಲ್ಲ ಇಲ್ಲ ಅಂತ ಇಬ್ಬರಿಗೂ ಹೇಳಿದೆ. ಮನೆಯಲ್ಲಿ ದೇವರ ಗೂಡಿನ ಕೆಳಗೆ ಚೀಲ ಇಟ್ಟು ದೀಪ ಹಚ್ಚಿದೆ. ಒಡತಿ ಇಣುಕಿ, "ಎವರಿದಮ್ಮಾ?" ಎಂದಳು, ಯಾರದು ಅಂತ. ಹೇಳಿದ ಮೇಲೆ ತಾನೇ ಒಂದು ತೆಂಗಿನಕಾಯಿ ತಂದು ಪಕ್ಕದಲ್ಲಿಟ್ಟು ಹೋದಳು. ನಾನು ಫೋನು ಕೈಯಲ್ಲೇ ಹಿಡಿದು ಕೂತೆ. ತಲೆನೋವು ಇದೆಯಾ, ಕಣ್ಣು ಮಂಜಾ ಅಂತ ಹುಲಿಗೆಮ್ಮನಿಗೆ ಮೂರು ಸಲ ಕೇಳಿದೆ. ಮೂರು ಸಲವೂ ಇಲ್ಲ ಅಂದಳು. ನಿಜ ಹೇಳುತ್ತಿದ್ದಾಳೋ ಇಲ್ಲವೋ ಅಂತ ರಾತ್ರಿ ಎದ್ದೆದ್ದು ಫೋನು ನೋಡಿಕೊಂಡೆ.

ಬೆಳಿಗ್ಗೆ ಏಳಕ್ಕೆಲ್ಲ ಗಾಡಿ ನನ್ನ ಬಾಗಿಲಲ್ಲಿತ್ತು. ಅಳಿಯ ಮುಂದೆ, ಈರಮ್ಮ ಮತ್ತು ಹುಲಿಗೆಮ್ಮ ಹಿಂದೆ. ಅಲ್ಲಿ ಹೊರಡುವಾಗ ಅಜ್ಜಿ ಮೊಮ್ಮಗಳ ಕೆನ್ನೆ ಸವರಿ, "ನೀ ನಿನ್ನೇನ ಹೋಗೀಯವ್ವ. ಈಗ ಹೋಗಿ ನಿನ್ನ ಗಂಟು ತಗಾ" ಎಂದಳಂತೆ. ಹುಲಿಗೆಮ್ಮ ನನ್ನ ಮನೆಯೊಳಗೆ ಬಂದು, ನೀರು ಕುಡಿದು, ಚೀಲ ಎತ್ತಿಕೊಂಡಳು. ಈರಮ್ಮನ ಮುಖದಲ್ಲಿ ಹಿಂದಿನ ದಿನದ ಬಿಗಿ ಇರಲಿಲ್ಲ. ಅವತ್ತು ರಜೆ ಹಾಕಿ ನಾನೂ ಹತ್ತಿದೆ.

ಸಿರಿಗೇರಿ ದಾಟಿತು, ಕುರುಗೋಡು ದಾಟಿತು. ದಾರಿಯುದ್ದಕ್ಕೂ ಹುಲಿಗೆಮ್ಮ ನನ್ನ ಕೈ ಬಿಡಲಿಲ್ಲ. ಬಳ್ಳಾರಿಯ ಬಂಡೆಗುಡ್ಡ ಕಂಡಾಗ ಅವಳಿಗಿಂತ ಮೊದಲು ನಾನು ಉಸಿರು ಬಿಟ್ಟೆ. ಆಸ್ಪತ್ರೆಯಲ್ಲಿ ನೋಡಿದವರು, ಇನ್ನು ಎರಡು ದಿನ ತಡ ಮಾಡಿದ್ದರೆ ಕಷ್ಟವಿತ್ತು ಅಂದರು. ಈರಮ್ಮ ಅದನ್ನು ಕೇಳಿಸಿಕೊಂಡು ಗೋಡೆಗೆ ಒರಗಿ ಕುಸಿದು ಕೂತಳು. ನಾನು ಪಕ್ಕದಲ್ಲಿ ಕೂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಾವಿಬ್ಬರೂ ಒಂದೇ ಬಾಟಲಿಯ ನೀರು ಕುಡಿದೆವು, ಒಂದೇ ಪೊಟ್ಟಣದ ಮಿರ್ಚಿ ತಿಂದೆವು. ಖಾರ ಹತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ನರ್ಸು ಬಂದು, "ಹೆಣ್ಣು ಕೂಸು, ಇಬ್ರೂ ಆರಾಮದಾರ" ಎಂದಳು. ನಾನು ಎಷ್ಟೋ ಮನೆಯವರಿಗೆ ಹೇಳಿದ ಮಾತು ಅದು. ಕೇಳಿಸಿಕೊಳ್ಳುವ ಜಾಗದಲ್ಲಿ ನಿಂತಿದ್ದು ಅದೇ ಮೊದಲು. ಈರಮ್ಮ ನನ್ನ ಹೆಗಲ ಮೇಲೆ ಬಿದ್ದು ಗೊಳೋ ಅಂತ ಅತ್ತಳು. ನಾನೂ ಅತ್ತೆ, ನರ್ಸಾಗಿ ಅಳಬಾರದು ಅನ್ನುವುದೆಲ್ಲ ಮರೆತು. ಎದೆಯ ಮೇಲಿನ ಕಲ್ಲು ಇಳಿದು, ಮೈ ಹಗುರವಾಗಿ, ನಗುವೂ ಬಂತು.

ತಡೆಯಲಾಗದೆ ಊರಿಗೆ ಫೋನು ಮಾಡಿದೆ. "ಅವ್ವ, ಹೆಣ್ಣು ಮಗು ಕಣವ್ವ! ತಾಯಿ ಮಗು ಇಬ್ರೂ ಚೆನ್ನಾಗವ್ರೆ!"

"ಯಾರ್ಗಮ್ಮಿ?" ಎಂದಳು ಅವ್ವ.

"ನಮ್ಮನೆ ಹುಡುಗಿಗೆ ಕಣವ್ವ."

ಆ ಕಡೆ ಪಾತ್ರೆಯ ಸದ್ದು ನಿಂತಿತು. ಅಕ್ಕನ ಮಕ್ಕಳ ಗಲಾಟೆ ಕೇಳುತ್ತಿತ್ತು. ಅವ್ವ ಹೇಳಿದಳು.

"ನಮ್ಮನೆ ಹೆಣ್ಮಕ್ಳೆಲ್ಲ ಇಲ್ಲೇ ಅವ್ರಲ್ಲಮ್ಮಿ, ನಿನ್ನೊಬ್ಳುನ್ನ ಬುಟ್ಟು."