ಮಸ್ತಾನ್ ಸಾಬರ ಗಟ್ಟಿ ಹಲ್ಲು

ಚಳ್ಳಕೆರೆಯ ಬೈಕ್ ಮೆಕ್ಯಾನಿಕ್ ಮಸ್ತಾನ್ ಸಾಬರು ಯಾರನ್ನೂ ನಂಬುವ ಪೈಕಿ ಅಲ್ಲ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತಾರೆ, ಕಂಡಕ್ಟರ್ ಹೇಳಿದ ಮೇಲೆ ಡ್ರೈವರನನ್ನು ಕೇಳುತ್ತಾರೆ. ತಾನು ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುತ್ತಾರೆಂದು ಹೆಂಡತಿ ಕುಲ್ಸುಮ್ ಬೀ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಸಾಬರ ರೋಗದ ಬೇರು ಅಲ್ಲೇ ಇತ್ತು. ಚಿಕ್ಕಂದಿನಲ್ಲಿ ಕೆಲಸ ಕಲಿತ ಅಂಗಡಿಯಲ್ಲಿ ಉಸ್ತಾದ್ ಒಂದು ಡಬ್ಬಿ ಇಟ್ಟಿದ್ದ. ಅದರಲ್ಲಿ ಸವೆದು ಅಂಚು ಮುರಿದ ಒಂದು ಕ್ಲಚ್ ಪ್ಲೇಟು. ಯಾರ ಬೈಕು ಬಂದರೂ ಅದನ್ನೇ ತೋರಿಸಿ, ನಿಮ್ಮದು ಹೋಗಿದೆ ಎಂದು ಹೊಸದು ಹಾಕಿಸುತ್ತಿದ್ದ. ಗಿರಾಕಿಯ ಮುಖದ ಮುಂದೆ ಆ ಪ್ಲೇಟು ಹಿಡಿಯುವ ಕೆಲಸ ಮಸ್ತಾನನದು. ಆ ಪಾಪಕ್ಕೆ ಹೇಸಿಯೇ ಸ್ವಂತ ಅಂಗಡಿಯಲ್ಲಿ ಸಾಬರು ಒಂದು ಪದ್ಧತಿ ಇಟ್ಟುಕೊಂಡರು: ಬಿಚ್ಚಿದ ಹಳೇ ಪಾರ್ಟು ಗಾಡಿ ಯಜಮಾನನ ಕೈಗೇ. ಜನ ಮೆಚ್ಚಿದರು. ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪನವರಂತೂ ಕೆಲಸ ಮುಗಿಯುವ ತನಕ ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಹಾಗೇ. ನಂಬಿಕೆಯ ಸ್ನೇಹ ಅಂದರೆ ಇದು ಎಂದು ಸಾಬರಿಗೆ ಹೆಮ್ಮೆ.

ಇಂಥ ಸಾಬರಿಗೆ ಹಲ್ಲುನೋವು ಬಂತು. ಎಡಗಡೆ, ಕೆಳಗಿನ ದವಡೆ. ಎರಡು ದಿನ ಲವಂಗ ಕಚ್ಚಿ, ಮೂರನೆಯ ದಿನ ಊರಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರ್ ತ್ರಿವೇಣಿಯ ಬಳಿ ಹೋದರು. ಆಕೆ ಎಕ್ಸ್‌ರೇ ತೆಗೆದು, ನೋವು ಕೆಳಗೆ ಅನ್ನಿಸಿದರೂ ಹುಳುಕು ಇರುವುದು ಮೇಲಿನ ಹಲ್ಲಿನಲ್ಲಿ, ಒಮ್ಮೊಮ್ಮೆ ಹೀಗೂ ಆಗುತ್ತದೆ ಎಂದು ವಿವರಿಸಿ ಪರದೆಯ ಮೇಲೆ ಒಂದು ಕಪ್ಪು ಕಲೆ ತೋರಿಸಿದಳು. ಸಾಬರಿಗೆ ತಟ್ಟನೆ ಉಸ್ತಾದನ ಡಬ್ಬಿ ನೆನಪಾಯಿತು. ಯಾರ ಹಲ್ಲೋ ಏನೋ! ಬೆಳಗಿನಿಂದ ಬಂದವರಿಗೆಲ್ಲ ಇದನ್ನೇ ತೋರಿಸಿರಬಹುದು. ಅದರ ಮೇಲೆ ಚಿಕಿತ್ಸೆಯ ಒಪ್ಪಿಗೆ ಪತ್ರ ಬೇರೆ, ಓದಿ ಸೈನ್ ಹಾಕಬೇಕಂತೆ. ತಪ್ಪು ಮಾಡುವವರಲ್ಲದೆ ಮೊದಲೇ ಸೈನ್ ಯಾರು ಕೇಳುತ್ತಾರೆ?

ಸೈನ್ ಬೇಕಾದರೆ ಹಾಕುತ್ತೇನೆ, ಕೆಳಗಿನದನ್ನೇ ಕಿತ್ತುಬಿಡಿ ಎಂದು ಪಟ್ಟು ಹಿಡಿದರು.

“ಕೆಳಗಿನ ಹಲ್ಲು ಗಟ್ಟಿ ಐತೆ ಸಾಬ್ರೆ. ನೀವು ಸೈನ್ ಹಾಕ್ಕೊಟ್ರೂ ನಾನು ಕೀಳಲ್ಲ,” ಎಂದಳು ತ್ರಿವೇಣಿ. “ನೀವು ಒಪ್ಪಿದ್ರಿ ಅಂತ ಒಳ್ಳೆ ಹಲ್ಲು ಕೀಳಕ್ಕಾಗಲ್ಲ.”

ಬೇಕಾದರೆ ಈ ಎಕ್ಸ್‌ರೇ ಒಯ್ದು ಬೇರೆ ಡಾಕ್ಟರಿಗೂ ತೋರಿಸಿ ಎಂದು ಹೆಸರು ಬರೆದೇ ಕೊಟ್ಟಳು. ಸಾಬರ ಅನುಮಾನ ಇಮ್ಮಡಿಯಾಯಿತು. ಬಂದ ಕೆಲಸ ಬೇಡ ಅನ್ನುವವರು ಇನ್ನೂ ದೊಡ್ಡದಕ್ಕೆ ಗಾಳ ಹಾಕಿರುತ್ತಾರೆ ಎಂಬುದು ಅವರ ಲೆಕ್ಕ.

ಆ ಚೀಟಿಯನ್ನು ಬದಿಗಿಟ್ಟು ಮರುದಿನ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಅಲ್ಲಿ ಹಲ್ಲಿನ ಸೆಟ್ಟು ಕಟ್ಟುವ ಪಾತಣ್ಣನಿದ್ದ. ಗೋಡೆಯ ಮೇಲೆ ಸರ್ಟಿಫಿಕೇಟು ಇರಲಿಲ್ಲ, ಸೀರೆ ಅಂಗಡಿಯ ಕ್ಯಾಲೆಂಡರ್ ಇತ್ತು. ಕಾಗದ ಗೀಗದ ಏನೂ ಕೇಳಲಿಲ್ಲ. “ಏ ಪನ್ನು?” ಯಾವ ಹಲ್ಲು ಎಂದು ತೆಲುಗಿನಲ್ಲೇ ಕೇಳಿದ. ಸಾಬರು ಬೆರಳಿಟ್ಟು ತೋರಿಸಿದರು. ಒಂದು ಸೂಜಿ ಚುಚ್ಚಿ, ಇಕ್ಕಳ ಹಾಕಿ ಕಿತ್ತು, ಹಲ್ಲನ್ನು ತೊಳೆದು ಅವರ ಅಂಗೈಗೆ ಇಟ್ಟ. ತಮ್ಮದೇ ಅಂಗಡಿಯ ಪದ್ಧತಿ! ಸಾಬರಿಗೆ ಆ ಮನುಷ್ಯನ ಮೇಲೆ ಅಭಿಮಾನವೇ ಉಕ್ಕಿತು.

ಬಸ್ಸು ತಳಕು ದಾಟುವ ಹೊತ್ತಿಗೆ ಮರಗಟ್ಟಿದ್ದ ಬಾಯಿಯ ಜೋಮು ಬಿಟ್ಟಿತು. ನೋವು ಅಲ್ಲೇ ಕೂತಿತ್ತು, ಒಂದಿಷ್ಟೂ ಕದಲದೆ. ಜೇಬಿನಿಂದ ಹಲ್ಲು ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದು, ಸವೆದ ಬೇರಿಂಗ್ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ಕಪ್ಪಿಲ್ಲ, ತೂತಿಲ್ಲ. ಐವತ್ತೈದು ವರ್ಷದ ಗಟ್ಟಿ ಹಲ್ಲು. ಸಾಬರಿಗೆ ಅಳು ಬಂತು, ಪಕ್ಕದವನು ನೋಡುತ್ತಾನೆಂದು ನುಂಗಿಕೊಂಡರು.

ಬೈಗುಳಕ್ಕೆ ತಯಾರಾಗಿಯೇ ತ್ರಿವೇಣಿಯ ಮೇಜಿನ ಮೇಲೆ ಹಲ್ಲನ್ನಿಟ್ಟು, ಪಾತಣ್ಣನ ವಿಷಯ ಹೇಳಿದರು. ಆಕೆ ಬೈಯಲಿಲ್ಲ. ಡಾಕ್ಟರಿಕೆ ಓದಿ ನೋಂದಣಿ ಮಾಡಿಸದವರು ಹಲ್ಲು ಕೀಳುವುದು ಕಾನೂನಿಗೇ ವಿರುದ್ಧ ಎಂದಷ್ಟೇ ಹೇಳಿ, ಗಾಯ ನೋಡಿದಳು. ಸಾಬರು ಎಕ್ಸ್‌ರೇ ಬಗ್ಗೆ ತಮಗೆ ಬಂದ ಅನುಮಾನವನ್ನು ಡಬ್ಬಿಯ ಕಥೆ ಸಮೇತ ಒಪ್ಪಿಸಿಬಿಟ್ಟರು.

“ಅನುಮಾನ ಬಂದಾಗ ಕೇಳ್ಬೇಕಿತ್ತು. ಕೇಳ್ಲಿ ಅಂತಾನೇ ಆ ಕಾಗದ ಇರೋದು ಸಾಬ್ರೆ,” ಎಂದು ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿದಳು. ಮೇಲಿನ ಹಲ್ಲಿನ ಬೇರು ಶುಚಿ ಮಾಡಿ ಉಳಿಸಿಕೊಟ್ಟಳು. ಕೆಳಗಿನದು ಹೋದದ್ದು ಹೋಯಿತು.

ಮುಂದಿನ ವಾರ ಮುರುಗೇಂದ್ರಪ್ಪನವರು ಬೈಕು ತಂದು ಎಂದಿನಂತೆ ಸ್ಟೂಲಿನ ಮೇಲೆ ಕೂತರು. ತ್ರಿವೇಣಿಯ ಮುಂದೆ ಒಮ್ಮೆ ಬಾಯಿಬಿಟ್ಟು ಹಗುರಾಗಿದ್ದ ಎದೆಗೆ ಈ ಸ್ನೇಹಿತನ ಮುಂದೆ ಮುಚ್ಚಿಡುವುದು ಕಷ್ಟವಾಯಿತು. ಆಗ ಉಸ್ತಾದನ ಅಂಗಡಿಗೆ ಬರುತ್ತಿದ್ದ ನಿಮಗೂ ಅದೇ ಪ್ಲೇಟು ಹಿಡಿದಿದ್ದೆ, ಅದು ನಿಮ್ಮ ಗಾಡಿಯದಲ್ಲ ಎಂದು ತಲೆ ತಗ್ಗಿಸಿ ಹೇಳಿದರು.

“ನಂಗೆ ಅವತ್ತೇ ಗೊತ್ತಾಯ್ತು ಕಣೋ ಮಸ್ತಾನ. ಆಗ ತಾನೇ ಬಿಚ್ಚಿದ ಪ್ಲೇಟಾಗಿದ್ರೆ ಆಯಿಲ್ ಸೋರ್ಬೇಕಿತ್ತು. ನೀನು ಹಿಡಿದಿದ್ದು ಒಣಗಿತ್ತು.”

“ಮತ್ತೆ ಇಷ್ಟು ವರ್ಷ ನನ್ನತ್ರಾನೇ ಯಾಕ್ ಬಂದ್ರಿ ಅಣ್ಣಾರೆ?”

“ಕೈಕೆಲಸ ಚೆನ್ನಾಗೈತಲ್ಲ, ಅದಕ್ಕೆ,” ಎಂದರು ಮುರುಗೇಂದ್ರಪ್ಪ. “ಆದ್ರೆ ಮಿಲ್ಲು ಬಿಟ್ಟು ದಿನಗಟ್ಲೆ ಈ ಸ್ಟೂಲ್ ಮೇಲೆ ಯಾಕೆ ಕೂತಿರ್ತೀನಿ ಅನ್ಕೊಂಡಿದ್ದೆ?”

ಸಾಬರು ಸ್ಪ್ಯಾನರ್ ಕೈಗೆತ್ತಿಕೊಂಡರು. ಆಮೇಲೆ, ಅಲ್ಲಿಂದ ಇಂಜಿನ್ನು ಸರಿಯಾಗಿ ಕಾಣುವುದಿಲ್ಲ, ಸ್ಟೂಲು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ ಎಂದರು.